ಸೋರುವ ಬಾಯ್ಲರ್ ಟ್ಯೂಬಿಗೆ ಟಾಕಿ ಹೊಡೆದರೆ ಮುಗಿಯಲಿಲ್ಲ

ಮಾನ್ಯ ಸಂಪಾದಕರೇ,

ಶಹಾಪುರ, ಸುರಪುರ ಕಡೆಯ ರೈಸ್ ಮಿಲ್ಲುಗಳಿಗೆ ಹೊಸ ಭತ್ತ ಬರುವ ಹೊತ್ತು. ಆಳಂದ, ಅಫಜಲಪುರ, ಭಾಲ್ಕಿ, ಹುಮನಾಬಾದ್ ಕಡೆ ಕಬ್ಬು ನುರಿಸುವ ಹಂಗಾಮೂ ಇದೇ ವೇಳೆಗೆ. ತಿಂಗಳುಗಟ್ಟಲೆ ತಣ್ಣಗೆ ಬಿದ್ದಿದ್ದ ಬಾಯ್ಲರುಗಳಿಗೆ ಬೆಂಕಿ ಬೀಳುವುದು ಈಗ. ಬೆಂಕಿ ಬಿದ್ದ ಎಂಟು ಹತ್ತು ದಿನಕ್ಕೆ ಟ್ಯೂಬ್ ಸೋರಲು ಶುರುವಾಗುವುದೂ ಈಗಲೇ. ಆಗ ಮಿಲ್ಲಿನ ಆಫೀಸಿನಿಂದ ಬರುವ ಮಾತು ಒಂದೇ: "ಒಂದ್ ಟಾಕಿ ಹೊಡಸ್ರಿ, ಸೀಜನ್ ಮುಗೀಲಿ, ಆಮ್ಯಾಲೆ ನೋಡೋಣ." ಆ ಟಾಕಿಯಿಂದ, ಅಂದರೆ ಸೋರುವ ಜಾಗಕ್ಕೆ ಹಾಕುವ ತಾತ್ಕಾಲಿಕ ತೇಪೆಯಿಂದ, ಏನಾಗುತ್ತದೆ, ಅದರ ಬದಲು ಏನು ಮಾಡಬೇಕು ಎಂಬುದನ್ನು ಮಿಲ್ ಮಾಲೀಕರಿಗೂ ಬಾಯ್ಲರ್ ಅಟೆಂಡೆಂಟರಿಗೂ ತಿಳಿಸಲು ಈ ಪತ್ರ. ಉದ್ದವಾಯಿತೆಂದು ಕತ್ತರಿಸುವುದಾದರೆ ನೀರಿನ ಲೆಕ್ಕದ ಭಾಗವನ್ನಾದರೂ ಉಳಿಸಿ.

ಕಲಬುರಗಿ, ಬೀದರ, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳ ಸಣ್ಣ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕಾಣುವುದು ಗಂಟೆಗೆ 2–3 ಟನ್ ಸ್ಟೀಮ್ ಕೊಡುವ ಸ್ಮೋಕ್ ಟ್ಯೂಬ್ ಬಾಯ್ಲರ್. ಟ್ಯೂಬಿನ ಒಳಗೆ ಬಿಸಿ ಹೊಗೆ, ಹೊರಗೆ ಸುತ್ತ ನೀರು. ಕೆಲಸದ ಒತ್ತಡ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 10.54 ಕೆ.ಜಿ. ಈ ಒತ್ತಡದಲ್ಲಿ ಒಳಗಿನ ನೀರು ಸುಮಾರು 185 ಡಿಗ್ರಿಯಲ್ಲಿರುತ್ತದೆ. ಅಂದರೆ ಸೂಜಿಮೊನೆಯಷ್ಟು ತೂತಿನಿಂದ ಹೊರಬಿದ್ದ ನೀರು ಆ ಕ್ಷಣವೇ ಹಬೆಯಾಗಿ ಹೊಗೆಯ ಜೊತೆ ಚಿಮಣಿ ಸೇರುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣದಿರಬಹುದು. ಆದ್ದರಿಂದ "ಎಲ್ಲೂ ನೀರು ಸುರೀತಿಲ್ಲ, ಲೀಕ್ ಹೆಂಗ ಆಗ್ತದ" ಎಂಬ ವಾದ ನಡೆಯುವುದಿಲ್ಲ.

ಸೋರಿಕೆ ಕಣ್ಣಿಗೆ ಬೀಳುವ ಮೊದಲು ಲಾಗ್ ಪುಸ್ತಕದಲ್ಲಿ ಕಾಣಿಸುತ್ತದೆ, ಲಾಗ್ ಬರೆಯುತ್ತಿದ್ದರೆ. ಮೊದಲ ಗುರುತು, ಅಷ್ಟೇ ಭತ್ತ ಬೇಯಿಸಿದರೂ ಬಾಯ್ಲರಿಗೆ ನೀರು ತುಂಬುವ ಫೀಡ್ ಪಂಪ್ ಹೆಚ್ಚು ಹೊತ್ತು ಓಡುವುದು. ಎರಡನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ: ಬ್ಲೋಡೌನ್ (ಬಾಯ್ಲರಿನ ಉಪ್ಪು ನೀರನ್ನು ಆಗಾಗ ಹೊರಬಿಡುವುದು) ಹೆಚ್ಚಿಸದಿದ್ದರೂ ಬಾಯ್ಲರ್ ನೀರಿನ ಟಿಡಿಎಸ್ (ಕರಗಿದ ಉಪ್ಪಿನ ಪ್ರಮಾಣ) ತಾನಾಗಿಯೇ ಇಳಿಯುತ್ತ ಬರುತ್ತದೆ. ಉಪ್ಪು ತುಂಬಿದ ನೀರು ತೂತಿನಿಂದ ಹೋಗಿ ಅದರ ಜಾಗಕ್ಕೆ ಹೊಸ ನೀರು ಬರುತ್ತಿರುವುದೇ ಇದಕ್ಕೆ ಕಾರಣ. ನೀರಿನ ಆಮ್ಲಜನಕ ಹೀರಲೆಂದು ಸೋಡಿಯಂ ಸಲ್ಫೈಟ್ ಹಾಕುವವರಿಗೆ, ದಿನಾ ಹಾಕುವಷ್ಟೇ ಹಾಕಿದರೂ ನೀರಿನಲ್ಲಿ ಅದರ ಪ್ರಮಾಣ ನಿಲ್ಲುವುದಿಲ್ಲ. ಚಿಮಣಿಯಿಂದ ಬಿಳಿ ಹೊಗೆ, ಬೂದಿ ತೆಗೆಯುವಾಗ ತೇವ, ಹೊಗೆ ಪೆಟ್ಟಿಗೆಯ ಬಾಗಿಲ ಕೆಳಗೆ ಕೆಸರಿನಂಥ ಮಸಿ ಕಂಡರೆ ಸೋರಿಕೆ ಆಗಲೇ ಬಲಿತಿದೆ.

ಹಾಗೆಂದು ನೀರು ಹೆಚ್ಚು ಹೋದದ್ದಕ್ಕೆಲ್ಲ ಟ್ಯೂಬೇ ಕಾರಣವಲ್ಲ. ಬ್ಲೋಡೌನ್ ವಾಲ್ವ್ ಸರಿಯಾಗಿ ಕೂರದೆ ಪಾಸ್ ಆಗುತ್ತಿದ್ದರೂ ಇದೇ ಲಕ್ಷಣ. ವಾಲ್ವ್ ಮುಚ್ಚಿ ಒಂದು ಗಂಟೆಯಾದ ಮೇಲೂ ಅದರ ಆಚೆಯ ಪೈಪ್ ಕೈ ಇಡಲಾಗದಷ್ಟು ಬಿಸಿ ಇದ್ದರೆ ಕಳ್ಳ ಅಲ್ಲೇ ಇದ್ದಾನೆ. (ಬರಿಗೈ ಇಡಬೇಡಿ, ಎರಡು ಹನಿ ನೀರು ಚಿಮುಕಿಸಿ ನೋಡಿ.) ಅದು ಸರಿಯಿದ್ದರೆ ಬೆಂಕಿ ಇಳಿಸಿ, ಮೇನ್ ಸ್ಟೀಮ್ ವಾಲ್ವ್, ಫೀಡ್ ವಾಲ್ವ್, ಬ್ಲೋಡೌನ್ ಎಲ್ಲ ಮುಚ್ಚಿ, ಗೇಜ್ ಗ್ಲಾಸಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಹಾಕಿ ಅರ್ಧ ಗಂಟೆ ಬಿಡಿ. ತಣಿಯುವಾಗ ನೀರು ಕುಗ್ಗಿ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಕಣ್ಣೆದುರೇ ಎರಡು ಬೆರಳಿನಷ್ಟು ಇಳಿದರೆ ಬಾಯ್ಲರ್ ತೆರೆಯಲೇಬೇಕು.

ಇನ್ನು ತೆರೆಯುವ ಕೆಲಸ. ಇಲ್ಲಿ ಅವಸರ ಮಾಡಿದರೆ ಒಂದು ಟ್ಯೂಬಿನ ಕೆಲಸ ಇಪ್ಪತ್ತು ಟ್ಯೂಬಿನ ಕೆಲಸವಾಗುತ್ತದೆ. ಬಿಸಿ ಬಾಯ್ಲರಿಗೆ ತಣ್ಣೀರು ಬಿಟ್ಟು, ಹೊಗೆ ಎಳೆಯುವ ಐಡಿ ಫ್ಯಾನ್ ಓಡಿಸಿ ಬೇಗ ತಣಿಸುವ ಚಟ ನಮ್ಮಲ್ಲಿದೆ. ತೆಳ್ಳಗಿನ ಟ್ಯೂಬ್ ಬೇಗ ತಣಿದು ಕುಗ್ಗುತ್ತದೆ, ಟ್ಯೂಬುಗಳ ತುದಿ ಕೂರುವ ದಪ್ಪ ಟ್ಯೂಬ್ ಪ್ಲೇಟ್ ಇನ್ನೂ ಬಿಸಿಯಾಗಿ ಹಿಗ್ಗಿಕೊಂಡೇ ಇರುತ್ತದೆ. ಆ ಎಳೆದಾಟದಲ್ಲಿ ಗಟ್ಟಿಯಿದ್ದ ಜಾಯಿಂಟುಗಳೂ ಸಡಿಲಾಗುತ್ತವೆ. ಬೆಂಕಿ ಆರಿಸಿ, ಬಾಗಿಲು ಮುಚ್ಚಿ, ತಾನಾಗಿ ತಣಿಯಲು ಒಂದು ದಿನ ಕೊಡಿ. ಒತ್ತಡ 1 ಕೆ.ಜಿ.ಗೆ ಇಳಿದಾಗ ಮೇಲಿನ ಏರ್ ವೆಂಟ್ ತೆರೆಯಿರಿ. ಇಲ್ಲದಿದ್ದರೆ ಹಬೆ ತಣಿದು ಒಳಗೆ ನಿರ್ವಾತ ಉಂಟಾಗಿ ಮ್ಯಾನ್‌ಹೋಲ್ ಗ್ಯಾಸ್ಕೆಟ್ ಒಳಕ್ಕೆ ಎಳೆಯಲ್ಪಡುತ್ತದೆ. ಎರಡು ಬಾಯ್ಲರು ಒಂದೇ ಹೆಡರಿಗೆ (ಎರಡಕ್ಕೂ ಸೇರಿದ ಹಬೆ ಪೈಪಿಗೆ) ಕೂಡಿದ್ದರೆ ವಾಲ್ವ್ ಮುಚ್ಚಿದ್ದೇವೆಂಬ ಧೈರ್ಯ ಸಾಲದು. ಫ್ಲೇಂಜ್ ಬಿಚ್ಚಿ ಬ್ಲೈಂಡ್ (ತೂತಿಲ್ಲದ ಮುಚ್ಚು ತಟ್ಟೆ) ಹಾಕಿ, ವಾಲ್ವಿಗೆ ಬೀಗ ಜಡಿದು, ಕೀಲಿಯನ್ನು ಒಳಗಿಳಿಯುವವನ ಜೇಬಿಗೆ ಕೊಡಿ. ಒಳಗೆ 24 ವೋಲ್ಟ್ ದೀಪ, ಮ್ಯಾನ್‌ಹೋಲ್ ಬಾಯಲ್ಲಿ ಒಬ್ಬ ಕಾವಲು. ಇದರಲ್ಲಿ ರಿಯಾಯಿತಿ ಇಲ್ಲ.

ಸೋರುವ ಟ್ಯೂಬ್ ಯಾವುದೆಂದು ಹೇಳುವುದು ನೀರಿನ ಒತ್ತಡದ ಪರೀಕ್ಷೆ. ಮುಂದಿನ ಹಿಂದಿನ ಹೊಗೆ ಬಾಗಿಲು ತೆಗೆದು, ಟ್ಯೂಬ್ ಬಾಯಿಗಳ ಮಸಿಯನ್ನು ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ ಒಣಗಿಸಿ. ವೆಂಟಿನಿಂದ ಗುಳ್ಳೆ ನಿಂತು ಬರೀ ನೀರು ಉಕ್ಕುವವರೆಗೆ ಬಾಯ್ಲರ್ ತುಂಬಿಸಿ. ಗಾಳಿ ಉಳಿದರೆ ಅದು ಸ್ಪ್ರಿಂಗಿನಂತೆ ಒತ್ತಡವನ್ನು ಹಿಡಿದಿಟ್ಟುಕೊಳ್ಳುತ್ತದೆ, ಏನಾದರೂ ಸಿಡಿದರೆ ಆಗ ಅಪಾಯ. ಸೇಫ್ಟಿ ವಾಲ್ವಿನ ಸ್ಪ್ರಿಂಗ್ ಬಿಗಿಯಬೇಡಿ, ವಾಲ್ವ್ ತೆರೆಯದಂತೆ ಹಿಡಿಯುವ ಗ್ಯಾಗ್ ಹಾಕಿ ಅಥವಾ ವಾಲ್ವ್ ತೆಗೆದು ಬ್ಲೈಂಡ್ ಹಾಕಿ. ಸೋರಿಕೆ ಹುಡುಕಲಿಕ್ಕೆ 5–6 ಕೆ.ಜಿ. ಒತ್ತಡ ಸಾಕು. ರಿಪೇರಿಯಾದ ಮೇಲೆ ಇನ್‌ಸ್ಪೆಕ್ಟರ್ ಎದುರು ಕೊಡುವ ಪೂರ್ಣ ಪರೀಕ್ಷೆ ಬೇರೆ. ಅದು ಕೆಲಸದ ಒತ್ತಡದ ಒಂದೂಕಾಲು ಪಟ್ಟು ಎಂದರೆ 13.2 ಕೆ.ಜಿ., ಒಂದೂವರೆ ಪಟ್ಟು ಎಂದರೆ 15.8 ಕೆ.ಜಿ. ಆಗುತ್ತದೆ.

ಈಗ ಟಾರ್ಚ್ ಹಿಡಿದು ಟ್ಯೂಬ್ ಪ್ಲೇಟ್ ಮುಂದೆ ಕೂರಬೇಕು, ಆತುರವಿಲ್ಲದೆ. ಒಂದು ಟ್ಯೂಬಿನ ಒಳಗಿನ ತಳದಲ್ಲಿ ದಾರದಂತೆ ನೀರು ಹರಿದು ಬಾಯಿಯಿಂದ ಇಳಿಯುತ್ತಿದ್ದರೆ ಟ್ಯೂಬಿನ ಮೈಯೇ ತೂತಾಗಿದೆ. ಒಳಮೈ ಒಣಗಿದ್ದು, ಟ್ಯೂಬ್ ಪ್ಲೇಟಿಗೆ ಕೂಡುವ ಅಂಚಿನ ಸುತ್ತ ಮಾತ್ರ ಬೆವರಿನಂತೆ ಹನಿಗಟ್ಟಿದರೆ ಟ್ಯೂಬ್ ಚೆನ್ನಾಗಿದೆ, ಜಾಯಿಂಟ್ ಸಡಿಲಾಗಿದೆ. ಎರಡು ಟ್ಯೂಬಿನ ತೂತುಗಳ ನಡುವಿನ ಪ್ಲೇಟಿನಲ್ಲೇ ಕೂದಲೆಳೆಯಂಥ ತೇವದ ಗೆರೆ ಕಂಡರೆ ಅದು ಎಲ್ಲಕ್ಕಿಂತ ಕೆಟ್ಟದ್ದು, ಪ್ಲೇಟ್ ಬಿರಿದಿದೆ. ಅಲ್ಲಿ ಡಿ.ಪಿ. ಟೆಸ್ಟ್ ಮಾಡಿಸಿ: ಕ್ಲೀನರಿನಿಂದ ಒರೆಸಿ, ಕೆಂಪು ದ್ರವ ಸಿಂಪಡಿಸಿ ಹತ್ತು ಹದಿನೈದು ನಿಮಿಷ ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಬಿರುಕು ಬಿಳಿಯ ಮೇಲೆ ಕುಂಕುಮದ ಗೆರೆಯಂತೆ ಎದ್ದು ಕಾಣುತ್ತದೆ. ಮೂರೂ ಬೇರೆ ಬೇರೆ ರೋಗ, ಮೂರಕ್ಕೂ ಬೇರೆ ಬೇರೆ ಮದ್ದು. ಟಾಕಿ ಹೊಡೆಯುವವರಿಗೆ ಮಾತ್ರ ಮೂರೂ ಒಂದೇ.

ಪರೀಕ್ಷೆಯಲ್ಲಿ ಸಿಕ್ಕ ಟ್ಯೂಬುಗಳನ್ನು ಒಂದು ಹಾಳೆಯ ಮೇಲೆ ಗುರುತು ಹಾಕಿ. ಟ್ಯೂಬ್ ಪ್ಲೇಟಿನ ಚಿತ್ರ, ಮೇಲಿನಿಂದ ಸಾಲು, ಎಡದಿಂದ ಸಂಖ್ಯೆ, ತಾರೀಖು, ಮುಂದೋ ಹಿಂದೋ. ಒಂದೆರಡು ವರ್ಷದ ಗುರುತುಗಳು ಸೇರಿದರೆ ಕಾರಣ ಆ ಹಾಳೆಯಲ್ಲೇ ಕಾಣುತ್ತದೆ. ಮೇಲಿನ ಸಾಲಿನ ಟ್ಯೂಬುಗಳೆಲ್ಲ ಒಟ್ಟಿಗೆ ಜಾಯಿಂಟಿನಲ್ಲಿ ಸೋರಿದರೆ ಯಾವಾಗಲೋ ನೀರಿನ ಮಟ್ಟ ಟ್ಯೂಬಿಗಿಂತ ಕೆಳಗೆ ಹೋಗಿತ್ತು, ಯಾರೂ ಹೇಳಿಲ್ಲ ಅಷ್ಟೆ. ಲೋ ವಾಟರ್ ಕಟ್‌ಆಫ್ ಕೆಲಸ ಮಾಡುತ್ತಿದೆಯೇ ಎಂದು ನೋಡಿ, ಅದರ ಫ್ಲೋಟ್ ಚೇಂಬರಿನ ಬ್ಲೋಡೌನ್ ದಿನಕ್ಕೊಮ್ಮೆಯಾದರೂ ತೆರೆಯಬೇಕು. ಹಿಂದಿನ ಟ್ಯೂಬ್ ಪ್ಲೇಟಿನಲ್ಲಿ, ಬಿಸಿ ಹೊಗೆ ಮೊದಲು ಬಡಿಯುವ ಕಡೆಯೇ ಮತ್ತೆ ಮತ್ತೆ ಜಾಯಿಂಟ್ ಬಿಡುತ್ತಿದ್ದರೆ ನೀರಿನ ಬದಿಯಲ್ಲಿ ಗಡಸು ನೀರಿನ ಪರೆ ಕಟ್ಟಿದೆ, ಪ್ಲೇಟಿಗೆ ತಂಪು ಸಿಗುತ್ತಿಲ್ಲ. ಅಲ್ಲೊಂದು ಇಲ್ಲೊಂದು, ಲೆಕ್ಕವಿಲ್ಲದೆ ಮೈಯಲ್ಲಿ ತೂತು ಬಿದ್ದರೆ ಆಮ್ಲಜನಕದ ಕೊರೆತ. ಹೊಗೆ ಒಳಹೋಗುವ ಬಾಯಿಯಿಂದ ಗೇಣುದ್ದದೊಳಗೇ ಟ್ಯೂಬ್ ಸವೆದು ತೆಳ್ಳಗಾಗಿದ್ದರೆ ಅದು ಹೊಟ್ಟಿನ ಬೂದಿಯ ಕೆಲಸ. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಉಸುಕು ಕಾಗದದಂತೆ ಉಜ್ಜುತ್ತದೆ. ಅಂಥಲ್ಲಿ ಟ್ಯೂಬ್ ಬಾಯಿಗೆ ಫೆರೂಲ್ (ಸವೆತ ತಡೆಯುವ ಬಳೆ) ಕೂರಿಸಬಹುದು, ಡ್ರಾಫ್ಟ್ (ಹೊಗೆಯ ಸೆಳೆತ) ಅತಿಯಾಗಿದ್ದರೆ ಇಳಿಸಬೇಕು.

ಜಾಯಿಂಟ್ ಮಾತ್ರ ಸಡಿಲಾಗಿದ್ದರೆ ಟ್ಯೂಬ್ ಎಕ್ಸ್‌ಪ್ಯಾಂಡರಿನಿಂದ ಮತ್ತೆ ರೋಲ್ ಮಾಡಿದರೆ, ಅಂದರೆ ಟ್ಯೂಬ್ ಬಾಯಿಯನ್ನು ಒಳಗಿನಿಂದ ಹಿಗ್ಗಿಸಿ ತೂತಿಗೆ ಬಿಗಿಯಾಗಿ ಕೂರಿಸಿದರೆ ಸಾಕು. ಎಷ್ಟು ರೋಲ್ ಮಾಡಬೇಕು ಎಂಬುದೇ ಪ್ರಶ್ನೆ, "ಕೈಗೆ ಬಿಗಿ ಹತ್ತೋವರೆಗೆ" ಎಂಬುದು ಉತ್ತರವಲ್ಲ. ಲೆಕ್ಕ ಹೀಗಿದೆ. ಟ್ಯೂಬಿನ ಹೊರವ್ಯಾಸ 63.5 ಮಿ.ಮೀ., ಗೋಡೆ 3.66 ಮಿ.ಮೀ. ಇದ್ದರೆ ಒಳವ್ಯಾಸ 56.18. ಪ್ಲೇಟಿನ ತೂತು 64.3 ಇದ್ದರೆ ನಡುವೆ 0.8 ಮಿ.ಮೀ. ಸಂದು. ಒಳವ್ಯಾಸ 56.98ಕ್ಕೆ ಬಂದಾಗ ಟ್ಯೂಬ್ ತೂತಿನ ಗೋಡೆಯನ್ನು ಮುಟ್ಟಿತು, ಹಿಡಿಯಲಿಲ್ಲ. ಅಲ್ಲಿಂದ ಮುಂದೆ ಗೋಡೆಯ ದಪ್ಪ ಶೇ 5ರಿಂದ 7ರಷ್ಟು ಇಳಿಯುವಷ್ಟು ರೋಲ್ ಆಗಬೇಕು, ಅಂದರೆ ಒಳವ್ಯಾಸ 57.35ರಿಂದ 57.5ರ ಒಳಗೆ ನಿಲ್ಲಬೇಕು. ಅರ್ಧ ಮಿಲಿಮೀಟರಿನ ಆಟ ಇದು. ಇನ್‌ಸೈಡ್ ಮೈಕ್ರೋಮೀಟರ್ ಇಲ್ಲದೆ ರೋಲ್ ಮಾಡುವವರು ದಾಟಿ ಹೋಗುತ್ತಾರೆ. ದಾಟಿದರೆ ಟ್ಯೂಬ್ ಬಾಯಿ ಕಾಗದದಂತೆ ತೆಳ್ಳಗಾಗುತ್ತದೆ, ತೂತು ಹಿಗ್ಗುತ್ತದೆ, ಪಕ್ಕದ ಟ್ಯೂಬು ಸಡಿಲಾಗುತ್ತದೆ. ಒಂದು ಸೋರಿಕೆ ನಿಲ್ಲಿಸಲು ಹೋಗಿ ಸುತ್ತಲಿನ ನಾಲ್ಕು ಸೋರುವುದು ಹೀಗೆಯೇ. ಒಮ್ಮೆ ಮಿತಿ ಮುಟ್ಟಿದ ಟ್ಯೂಬನ್ನು ಮತ್ತೆ ರೋಲ್ ಮಾಡುವಂತಿಲ್ಲ, ಬದಲಿಸಬೇಕು.

ಟ್ಯೂಬಿನ ಮೈ ತೂತಾಗಿದ್ದರೆ ಎರಡೂ ಬಾಯಿಗೆ ಕಬ್ಬಿಣದ ಬಿರಡೆ ಹೊಡೆದು ಬಾಯ್ಲರ್ ಓಡಿಸುವವರಿದ್ದಾರೆ. ಒಂದು ಗುಣಾಕಾರ ಮಾಡಿ ನೋಡಿ. ಬಾಯಿಯ ವ್ಯಾಸ 56 ಮಿ.ಮೀ. ಎಂದರೆ ವಿಸ್ತೀರ್ಣ 24.6 ಚದರ ಸೆಂಟಿಮೀಟರ್. ತೂತಿನಿಂದ ಟ್ಯೂಬಿನೊಳಗೆ ಬಾಯ್ಲರಿನ ಪೂರ್ತಿ ಒತ್ತಡ ತುಂಬುತ್ತದೆ. 10.54ರಿಂದ ಗುಣಿಸಿದರೆ ಬಿರಡೆಯನ್ನು ಹೊರಕ್ಕೆ ತಳ್ಳುವ ಬಲ ಸುಮಾರು 260 ಕೆ.ಜಿ. ಎರಡೂವರೆ ಕ್ವಿಂಟಾಲ್ ತೊಗರಿಯ ಭಾರ ಹಗಲೂ ರಾತ್ರಿ ಆ ಬಿರಡೆಯನ್ನು ಒತ್ತುತ್ತಿರುತ್ತದೆ. ಸುತ್ತಿಗೆಯಿಂದ ಬಡಿದು ಕೂರಿಸಿದ ಬಿರಡೆ ಒಂದು ದಿನ ಗುಂಡಿನಂತೆ ಹಾರುತ್ತದೆ, ಹಿಂದೆಯೇ 185 ಡಿಗ್ರಿಯ ನೀರು ಬರುತ್ತದೆ. ತಾತ್ಕಾಲಿಕವಾಗಿ ಮುಚ್ಚಲೇಬೇಕಾದರೆ ಟ್ಯೂಬಿನ ಉದ್ದಕ್ಕೂ ಸರಳು ಹಾಯಿಸಿ, ಎರಡೂ ತುದಿಯ ಮುಚ್ಚಳಗಳನ್ನು ನಟ್ಟಿನಿಂದ ಒಂದಕ್ಕೊಂದು ಬಿಗಿಯುವ ಪ್ಲಗ್ಗನ್ನೇ ಹಾಕಬೇಕು, ಇನ್‌ಸ್ಪೆಕ್ಟರಿಗೆ ತಿಳಿಸಿಯೇ ಹಾಕಬೇಕು. ಸ್ಟೇ ಟ್ಯೂಬನ್ನು ಹೀಗೆ ಮುಚ್ಚಿ ಮರೆಯುವಂತೆಯೇ ಇಲ್ಲ. ದಪ್ಪ ಗೋಡೆಯ ಆ ಟ್ಯೂಬುಗಳೇ ಎರಡು ಪ್ಲೇಟುಗಳನ್ನು ಎಳೆದು ಹಿಡಿದಿರುವುದು.

ಟ್ಯೂಬ್ ಬದಲಿಸುವಾಗ ಜೀವಾಳ ಪ್ಲೇಟಿನ ತೂತು. ಹಳೆಯ ಟ್ಯೂಬಿನ ಬೆಸುಗೆಯನ್ನು ಗ್ರೈಂಡ್ ಮಾಡಿ, ಬಾಯಿಯನ್ನು ಉಳಿಯಿಂದ ಒಳಮುಖವಾಗಿ ಮಡಚಿ ಸಡಿಲಿಸಬೇಕು. ಗ್ಯಾಸ್ ಕಟರಿನ ಜ್ವಾಲೆ ತೂತಿನ ಅಂಚಿಗೆ ತಗುಲಿದರೆ ಆಮೇಲೆ ಯಾವ ರೋಲೂ ಹಿಡಿಯುವುದಿಲ್ಲ. ಪರೆ ದಪ್ಪವಾಗಿ ಕಟ್ಟಿದ್ದರೆ ಟ್ಯೂಬ್ ತನ್ನ ತೂತಿನಿಂದಲೇ ಹೊರಬರುವುದಿಲ್ಲ, ತಟ್ಟಿ ತಟ್ಟಿ ಉದುರಿಸುತ್ತ ಎಳೆಯಬೇಕು. ಖಾಲಿಯಾದ ತೂತನ್ನು ಎಮರಿಯಿಂದ ಉಜ್ಜಿ, ಬೆರಳಾಡಿಸಿ ನೋಡಿ. ಸುತ್ತಳತೆಯ ಗೆರೆ ಇದ್ದರೂ ನಡೆದೀತು, ಒಳಗಿನಿಂದ ಹೊರಕ್ಕೆ ಉದ್ದಗೆರೆ ಇದ್ದರೆ ನೀರಿಗೆ ಅದೇ ಕಾಲುವೆ. ಹೊಸ ಟ್ಯೂಬಿಗೆ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ಪ್ರಮಾಣಪತ್ರ ಇರಲೇಬೇಕು, ಟ್ಯೂಬಿನ ಮೇಲಿನ ಮುದ್ರೆ ಕಾಗದದೊಂದಿಗೆ ತಾಳೆಯಾಗಬೇಕು. ಹಾರ್ಡ್‌ವೇರ್ ಅಂಗಡಿಯ ಸಿ ಕ್ಲಾಸ್ ನೀರಿನ ಪೈಪನ್ನು ಬಾಯ್ಲರಿಗೆ ತೂರಿಸುವುದು ಅಪರಾಧ, ಹುಂಬತನ ಕೂಡ. ಹಗುರವಾಗಿ ರೋಲ್ ಮಾಡಿ, ಎಣ್ಣೆ ಗ್ರೀಸು ಒರೆಸಿ, ಸೀಲ್ ವೆಲ್ಡ್ ಹಾಕಿ, ತಣಿದ ಮೇಲೆ ಮತ್ತೆ ಲೆಕ್ಕದಷ್ಟು ರೋಲ್ ಮಾಡಬೇಕು. ಎಣ್ಣೆ ಉಳಿದರೆ ಬೆಸುಗೆಯಲ್ಲಿ ಸೂಜಿ ತೂತು ಖಚಿತ. ಟ್ಯೂಬ್ ತುದಿ ಬಿಸಿ ಹೊಗೆಯ ಕಡೆಗೆ ಹೆಚ್ಚು ಚಾಚಿರಬಾರದು, ನೀರು ಮುಟ್ಟದ ಆ ತುಂಡು ಸುಟ್ಟು ಬಿರಿಯುತ್ತದೆ. 7018 ವೆಲ್ಡಿಂಗ್ ರಾಡನ್ನು ಓವನ್ನಿನಲ್ಲಿ ಕಾಯಿಸಿಯೇ ಬಳಸಿ, ಮಳೆಗಾಲದ ತೇವ ಹೀರಿದ ಪೊಟ್ಟಣವನ್ನು ನೇರ ಒಡೆದು ಹಚ್ಚಬೇಡಿ.

ಸಕ್ಕರೆ ಕಾರ್ಖಾನೆಗಳ ದೊಡ್ಡ ಬಾಯ್ಲರುಗಳ ಕಥೆ ತಿರುಗುಮುರುಗು: ನೀರು ಟ್ಯೂಬಿನ ಒಳಗೆ, ಬೆಂಕಿ ಹೊರಗೆ, ಒತ್ತಡ ಹಲವು ಪಟ್ಟು. ಅಲ್ಲಿ ಪಿನ್‌ಹೋಲ್ ಮೇಲೆ ಬೆಸುಗೆಯ ಗುಡ್ಡೆ ಹಾಕುವುದು ಇನ್ನೂ ದೊಡ್ಡ ತಪ್ಪು. ತೂತಿನ ಸುತ್ತಲಿನ ಗೋಡೆ ಆಗಲೇ ತೆಳ್ಳಗಾಗಿರುತ್ತದೆ, ಬೆಸುಗೆಯ ಅಂಚಿನಲ್ಲೇ ಮುಂದಿನ ತೂತು ಬೀಳುತ್ತದೆ. ಡಿ-ಮೀಟರಿನಿಂದ ಮೇಲೆ ಕೆಳಗೆ ದಪ್ಪ ಅಳೆದು, ಪೂರ್ಣ ದಪ್ಪ ಸಿಗುವವರೆಗೂ ಕತ್ತರಿಸಿ, ಹೊಸ ತುಂಡು ಕೂರಿಸಿ, ಬೆಸುಗೆಯ ಮೊದಲ ಪದರವನ್ನು ಟಿಗ್ ವೆಲ್ಡಿಂಗಿನಿಂದ ಹಾಕಿ, ರೇಡಿಯಾಗ್ರಫಿ ಮಾಡಿಸಬೇಕು. ಪಕ್ಕದ ಟ್ಯೂಬುಗಳನ್ನೂ ಅಳೆಯಿರಿ. ಒಂದು ಟ್ಯೂಬಿನಿಂದ ಚಿಮ್ಮುವ ಹಬೆ ಪಕ್ಕದ್ದನ್ನು ಗಂಟೆಗಳಲ್ಲೇ ಕೊರೆಯುತ್ತದೆ. ಕಬ್ಬಿನ ಜೊತೆ ಬರುವ ಮಣ್ಣು ಹೊಗೆಯ ಬಿಸಿಯಿಂದ ಫೀಡ್ ನೀರು ಕಾಯಿಸುವ ಎಕನಾಮೈಸರಿನ ಬಾಗುಗಳನ್ನು ಸವೆಸುತ್ತದೆ, ಸವೆದ ಕಡೆ ಟ್ಯೂಬ್ ಚಪ್ಪಟೆಯಾಗಿ ಕನ್ನಡಿಯಂತೆ ಹೊಳೆಯುತ್ತದೆ. ಇನ್ನು ಕಂಡೆನ್ಸೇಟಿನಲ್ಲಿ (ಹಬೆ ತಣಿದು ವಾಪಸ್ ಬರುವ ನೀರಿನಲ್ಲಿ) ಕಬ್ಬಿನ ರಸ ಸೇರಿದರೆ ಬಾಯ್ಲರ್ ನೀರು ಹುಳಿಯಾಗಿ ಕಪ್ಪಗಾಗುತ್ತದೆ. ಸಕ್ಕರೆ ಪತ್ತೆ ಹಚ್ಚುವ ಆಲ್ಫಾ ನ್ಯಾಫ್ಥಾಲ್ ಪರೀಕ್ಷೆಯಲ್ಲಿ ನೇರಳೆ ಉಂಗುರ ಕಂಡ ಕೂಡಲೇ ಆ ಕಂಡೆನ್ಸೇಟನ್ನು ಚರಂಡಿಗೆ ತಿರುಗಿಸಬೇಕು, ಮೇಲಧಿಕಾರಿ ಬರಲಿ ಎಂದು ಕಾಯುವ ಸಮಯವಲ್ಲ ಅದು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಮುಂದಿನ ವರ್ಷ ಮತ್ತೆ ಸೋರುತ್ತದೆ, ನೀರನ್ನು ಸರಿಮಾಡದಿದ್ದರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಿನ ನೆಲದಡಿ ಇರುವುದು ಸುಣ್ಣದ ಕಲ್ಲು. ಆ ಕಲ್ಲಿನ ಪದರಗಳಲ್ಲಿ ನಿಂತ ಬೋರ್ ನೀರು ಗಡಸು. ಒಂದು ಲೀಟರಿನಲ್ಲಿ 500 ಮಿಲಿಗ್ರಾಂ ಗಡಸುತನ ಇದೆ ಎಂದುಕೊಳ್ಳಿ. 2 ಟನ್ನಿನ ಬಾಯ್ಲರಿಗೆ, ಕಂಡೆನ್ಸೇಟ್ ವಾಪಸ್ ಬರದಿದ್ದರೆ, ಗಂಟೆಗೆ 2,000 ಲೀಟರ್ ನೀರು ಬೇಕು. ಹಾಗಾದರೆ ಗಂಟೆಗೆ ಒಂದು ಕೆ.ಜಿ. ಕಲ್ಲು. ಬಹಳ ಮಿಲ್ಲುಗಳಲ್ಲಿ ನೀರಿನ ಗಡಸುತನ ತೆಗೆಯುವ ಸಾಫ್ಟನರ್ ಇದೆ, "ಸಾಫ್ಟನರ್ ಹಾಕೀವ್ರಿ" ಎಂದು ತೋರಿಸುತ್ತಾರೆ ಕೂಡ. ಅದರಲ್ಲಿ ಗಡಸುತನ ಹಿಡಿಯುವ ರೆಸಿನ್ ಕಾಳು 100 ಲೀಟರ್ ಇದ್ದರೆ, ಲೀಟರಿಗೆ ಸುಮಾರು 50 ಗ್ರಾಂ ಲೆಕ್ಕದಲ್ಲಿ ಅದು ಹಿಡಿಯುವುದು 5 ಕೆ.ಜಿ. ಐದು ಗಂಟೆಗೆ ರೆಸಿನ್ ಹೊಟ್ಟೆ ತುಂಬಿತು. ಆದರೆ ಉಪ್ಪು ಹಾಕಿ ರೀಜನರೇಷನ್ ಮಾಡುವುದು (ರೆಸಿನ್ನನ್ನು ಮತ್ತೆ ಸಜ್ಜುಗೊಳಿಸುವುದು) ದಿನಕ್ಕೊಮ್ಮೆ, ಬೆಳಗಿನ ಪಾಳಿಯಲ್ಲಿ. ಬಾಯ್ಲರ್ 16 ಗಂಟೆ ಓಡಿದರೆ ಉಳಿದ 11 ಗಂಟೆ ಸಾಫ್ಟನರ್ ಬರೀ ಪೈಪಿನಂತೆ ನೀರು ದಾಟಿಸುತ್ತದೆ, ದಿನಕ್ಕೆ 11 ಕೆ.ಜಿ. ಸುಣ್ಣದ ಕಲ್ಲು ಬಾಯ್ಲರಿನೊಳಗೆ. ಮನೆಯ ಅಂಗಳಕ್ಕೆ ಹಾಸುವ ಶಹಾಬಾದ್ ಕಲ್ಲನ್ನೇ ಟ್ಯೂಬಿನ ಮೇಲೂ ಹಾಸುತ್ತಿದ್ದೇವೆ ಎಂದರೆ ಅತಿಶಯೋಕ್ತಿಯಲ್ಲ. ಎರಡೂ ಮುಖ್ಯವಾಗಿ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್.

ಆದ್ದರಿಂದ ನಿಮ್ಮ ಬೋರಿನ ಗಡಸುತನ ಎಷ್ಟು, ರೆಸಿನ್ ಎಷ್ಟು ಲೀಟರ್ ಎಂದು ಮೊದಲು ತಿಳಿದುಕೊಳ್ಳಿ. ಎಷ್ಟು ಸಾವಿರ ಲೀಟರಿಗೊಮ್ಮೆ ಉಪ್ಪು ಹಾಕಬೇಕೆಂದು ಗೋಡೆಯ ಮೇಲೆ ಬರೆಯಿರಿ. ಗಡಿಯಾರ ನೋಡಿ ಹಾಕುವುದಲ್ಲ, ನೀರಿನ ಮೀಟರ್ ನೋಡಿ ಹಾಕಬೇಕು. 100 ಲೀಟರ್ ರೆಸಿನ್ನಿಗೆ ಒಂದು ಸಲಕ್ಕೆ ಸುಮಾರು 15 ಕೆ.ಜಿ. ಉಪ್ಪು, 150 ಲೀಟರ್ ನೀರಿನಲ್ಲಿ ಕರಗಿಸಿ, ಅರ್ಧ ಗಂಟೆಯಾದರೂ ನಿಧಾನವಾಗಿ ಹಾಯಿಸಬೇಕು. ಬಕೆಟ್ಟಿನಿಂದ ಸುರಿದು ಹತ್ತು ನಿಮಿಷಕ್ಕೆ ತೊಳೆದರೆ ಉಪ್ಪು ಚರಂಡಿಗೆ ಹೋಯಿತು ಅಷ್ಟೆ. ಪರೀಕ್ಷೆ ಸುಲಭ: 50 ಮಿ.ಲೀ. ಸಾಫ್ಟ್ ನೀರಿಗೆ ಬಫರ್ ಹಾಕಿ, ಬಣ್ಣದಿಂದ ಗಡಸುತನ ತೋರಿಸುವ ಇಬಿಟಿ ಪುಡಿ ಚಿಟಿಕೆ ಹಾಕಿದಾಗ ನೇರ ನೀಲಿ ಬಂದರೆ ಚಿಂತೆಯಿಲ್ಲ. ದ್ರಾಕ್ಷಿ ರಸದ ಬಣ್ಣ ಬಂದರೆ 0.01 ಮೋಲಾರ್ ಇಡಿಟಿಎ ಹನಿಹನಿಯಾಗಿ ಬಿಟ್ಟು, ನೀಲಿಗೆ ತಿರುಗಲು ಹಿಡಿದ ಮಿ.ಲೀ.ಯನ್ನು 20ರಿಂದ ಗುಣಿಸಿ. ಬಂದ ಗಡಸುತನ 5 ಪಿಪಿಎಂ (ಲೀಟರಿಗೆ 5 ಮಿಲಿಗ್ರಾಂ) ದಾಟಿದರೆ ಸಾಫ್ಟನರ್ ನಿಲ್ಲಿಸಿ ಉಪ್ಪು ಹಾಕಿ. ಪ್ರತಿ ಪಾಳಿಗೆ ಎರಡು ಸಲ ಮಾಡಿದರೂ ಐದು ನಿಮಿಷದ ಕೆಲಸ.

ಪರೆ ಕಟ್ಟಿದೆಯೇ ಎಂದು ಬಾಯ್ಲರ್ ತೆರೆಯದೆ ತಿಳಿಯಲು ಚಿಮಣಿ ಬುಡದ ಥರ್ಮಾಮೀಟರ್ ಸಾಕು. ಟ್ಯೂಬಿನ ಮಸಿ ತೆಗೆದ ಮೇಲೂ ಹೊಗೆಯ ಬಿಸಿ ಮೊದಲಿಗಿಂತ ಹೆಚ್ಚಿದ್ದರೆ ಪರೆ ನೀರಿನ ಬದಿಯಲ್ಲಿದೆ. ಹೊಗೆ 22 ಡಿಗ್ರಿ ಏರಿದರೆ ದಕ್ಷತೆ ಸುಮಾರು ಶೇ 1 ಇಳಿಯುತ್ತದೆ, ಅಂದರೆ ಟ್ಯೂಬ್ ಸೋರುವ ಎಷ್ಟೋ ಮೊದಲೇ ಹೊಟ್ಟಿನ ಖರ್ಚಿನಲ್ಲಿ ದಂಡ ಕಟ್ಟುತ್ತಿರುತ್ತೀರಿ. "ಆಸಿಡ್ ಹಾಕಿ ತೊಳೆಸಿದ ಮೇಲೇ ಸೋರಾಕ ಹತ್ತೇತ್ರಿ" ಎಂದು ದೂರುವವರಿದ್ದಾರೆ. ಎಷ್ಟೋ ಸಲ ಸೋರಿಕೆ ಮೊದಲೇ ಇತ್ತು, ಪರೆಯೇ ಬಿರಡೆಯಾಗಿ ಕೂತಿತ್ತು. ಆದರೆ ಇನ್‌ಹಿಬಿಟರ್ ಸೇರಿಸದ ಬಜಾರಿನ ಆಸಿಡ್ ಸುರಿದಿದ್ದರೆ ದೂರು ನಿಜವೇ, ಅದು ಪರೆಯೊಂದಿಗೆ ಉಕ್ಕನ್ನೂ ತಿನ್ನುತ್ತದೆ.

ಬೀದರದ ಕಡೆ ಸಮಸ್ಯೆ ಬೇರೆ ಇರಬಹುದು. ಜಂಬಿಟ್ಟಿಗೆ ನೆಲದ ಬಾವಿ ನೀರು ಮೆದು, ಆದರೆ ತುಸು ಹುಳಿ. ಪರೆ ಕಟ್ಟುವುದಿಲ್ಲವೆಂದು ನಿಶ್ಚಿಂತೆಯಿಂದ ಇರುವಾಗ ಟ್ಯೂಬ್ ಕೊರೆದು ಹೋಗುತ್ತದೆ. ಫೀಡ್ ನೀರಿನ ಪಿಎಚ್ 8.5ರಿಂದ 9.5, ಬಾಯ್ಲರ್ ನೀರಿನದು 11ರಿಂದ 12ರ ನಡುವೆ ಇರಬೇಕು. ತಣ್ಣಗಿನ ಫೀಡ್ ನೀರು ಇನ್ನೊಂದು ಶತ್ರು. 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಕಂಡೆನ್ಸೇಟ್ ತಂದು ಟ್ಯಾಂಕನ್ನು 85–90 ಡಿಗ್ರಿಗೆ ಕಾಯಿಸಿದರೆ ಬಹುಪಾಲು ಗಾಳಿಗೆ ಹಾರಿಹೋಗುತ್ತದೆ, ಉಳಿದ ಪ್ರತಿ ಮಿಲಿಗ್ರಾಂಗೆ ಸುಮಾರು 8 ಮಿಲಿಗ್ರಾಂ ಸೋಡಿಯಂ ಸಲ್ಫೈಟ್ ಸಾಕು. ಬಿಸಿ ನೀರಿಗೆ ಪಂಪ್ ಕೈಕೊಡದಂತೆ ಟ್ಯಾಂಕನ್ನು ಪಂಪಿಗಿಂತ ಸಾಕಷ್ಟು ಎತ್ತರಕ್ಕೆ ಏರಿಸಬೇಕು. ತೆಗೆದ ಹಳೆಯ ಟ್ಯೂಬನ್ನು ಗುಜರಿಗೆ ಹಾಕುವ ಮೊದಲು ಬಿಸಿಲಿಗೆ ಹಿಡಿದು ನೋಡಿ. ಕೆಂಪು ಕಂದು ಬಣ್ಣದ, ಕಡಲೆಕಾಳಿನಷ್ಟು ತುಕ್ಕಿನ ಗುಳ್ಳೆಗಳಿದ್ದರೆ ಒಂದನ್ನು ಚಾಕುವಿನಿಂದ ಎಬ್ಬಿಸಿ. ಕೆಳಗೆ ಕಪ್ಪು ಪುಡಿ, ಪುಡಿ ಊದಿದರೆ ದುಂಡಗಿನ ಕುಳಿ. ಅದು ಆಮ್ಲಜನಕದ ಸಹಿ. ಇಂಥ ಕುಳಿಗಳು ಹೆಚ್ಚಾಗಿ ಬೀಳುವುದು ಬಾಯ್ಲರ್ ಓಡುವಾಗಲ್ಲ, ಸೀಜನ್ ಮುಗಿದು ಅರ್ಧ ನೀರು ಬಿಟ್ಟು ಬೀಗ ಹಾಕಿದ ತಿಂಗಳುಗಳಲ್ಲಿ. ನಿಲ್ಲಿಸುವಾಗ ಒಂದೋ ಪೂರ್ತಿ ಒಣಗಿಸಿ, ತಟ್ಟೆಗಳಲ್ಲಿ ಸುಡು ಸುಣ್ಣ ಇಟ್ಟು ಬಿಗಿಯಾಗಿ ಮುಚ್ಚಿ, ಸುಣ್ಣವನ್ನು ತಿಂಗಳಿಗೊಮ್ಮೆ ನೋಡಿ ಬದಲಿಸಿ. ಇಲ್ಲವೇ ಸಲ್ಫೈಟ್ ಬೆರೆಸಿದ ನೀರಿನಿಂದ ವೆಂಟ್‌ವರೆಗೆ ತುಂಬಿಸಿ. ಅರ್ಧಂಬರ್ಧ ಬೇಡ.

ರಿಪೇರಿಯಾದ ಬಾಯ್ಲರಿಗೆ ಬೆಂಕಿ ಹಚ್ಚುವಾಗ ಗಂಟೆಗೆ 50 ಡಿಗ್ರಿಗಿಂತ ವೇಗವಾಗಿ ಬಿಸಿ ಏರಿಸಬೇಡಿ. ಪೂರ್ತಿ ಒತ್ತಡಕ್ಕೆ ಬರಲು ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ, ಹಿಡಿಯಲಿ. ಲಾರಿ ಬಂದು ನಿಂತಿದೆ ಎಂಬುದು ಟ್ಯೂಬ್ ಪ್ಲೇಟಿಗೆ ಗೊತ್ತಿಲ್ಲ.

ಕಾನೂನಿನ ಮಾತು ಚುಟುಕಾಗಿ. 1923ರ ಕಾಯ್ದೆ ಹೋಗಿ 2025ರ ಬಾಯ್ಲರ್ ಕಾಯ್ದೆ ಬಂದಿದೆ. ಆದರೆ ಟ್ಯೂಬಿನ ಕೆಲಸವನ್ನು ಇಲಾಖೆಗೆ ತಿಳಿಸಿ ಅನುಮತಿ ಪಡೆದು, ಅನುಮೋದಿತ ರಿಪೇರಿದಾರನಿಂದ, ಪ್ರಮಾಣಪತ್ರದ ಗಡುವು ಮುಗಿಯದ ವೆಲ್ಡರಿನಿಂದಲೇ ಮಾಡಿಸಬೇಕೆಂಬುದು ಬದಲಾಗಿಲ್ಲ. ಟ್ಯೂಬ್ ಸಿಡಿದು ಹಬೆ ನುಗ್ಗಿದರೆ ಅದು ಅಪಘಾತವೇ, ಯಾರಿಗೂ ಗಾಯವಾಗದಿದ್ದರೂ 24 ಗಂಟೆಯೊಳಗೆ ಇನ್‌ಸ್ಪೆಕ್ಟರಿಗೆ ಬರೆದು ಕೊಡಬೇಕು. ಅನುಮತಿ, ವೆಲ್ಡರ್, ಪರೀಕ್ಷೆ ಎಲ್ಲಕ್ಕೂ ದಿನಗಟ್ಟಲೆ ಕಾಯಬೇಕಾಗುತ್ತದೆ ಎಂಬ ಮಾಲೀಕರ ಸಂಕಟ ಸುಳ್ಳಲ್ಲ. ಟಾಕಿ ಹುಟ್ಟುವುದೇ ಆ ಸಂಕಟದಲ್ಲಿ. ಕಲಬುರಗಿ, ಬೀದರ, ಯಾದಗಿರಿಯ ಸರ್ಕಾರಿ ಐಟಿಐಗಳಲ್ಲಿ ಬಾಯ್ಲರ್ ವೆಲ್ಡಿಂಗ್ ಮತ್ತು ಟ್ಯೂಬ್ ರೋಲಿಂಗ್ ತರಬೇತಿ ಶುರು ಮಾಡಿ, ವೆಲ್ಡರ್ ಪರೀಕ್ಷೆಯನ್ನು ಇಲ್ಲಿಯೇ ನಡೆಸಿದರೆ ನಮ್ಮ ಹುಡುಗರಿಗೆ ಕೆಲಸವೂ ಸಿಗುತ್ತದೆ, ಮಿಲ್ಲು ಕಾಯುವುದೂ ತಪ್ಪುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದಕ್ಕೆ ಹಣ ಕೊಡಬಹುದು. ಜಿಲ್ಲಾ ಕೈಗಾರಿಕಾ ಕೇಂದ್ರಗಳು ಸೀಜನ್ನಿಗೆ ಒಂದು ತಿಂಗಳು ಮೊದಲು ಪ್ರತಿ ಮಿಲ್ಲಿನ ಬೋರ್ ನೀರಿನ ಗಡಸುತನ ಅಳೆದು ಚೀಟಿ ಕೊಟ್ಟರೂ ಸಾಕು, ಸಾಫ್ಟನರಿಗೆ ಎಷ್ಟು ಲೀಟರಿಗೊಮ್ಮೆ ಉಪ್ಪು ಎಂಬ ಲೆಕ್ಕವನ್ನು ಅದೇ ಚೀಟಿಯ ಹಿಂಬದಿಯಲ್ಲಿ ಬರೆದುಕೊಡಬಹುದು.

ಇಂತಿ,
ಬಾಯ್ಲರ್ ದುರಸ್ತಿ ಕೆಲಸಗಾರರು,
ಕಪನೂರ ಕೈಗಾರಿಕಾ ಪ್ರದೇಶ, ಕಲಬುರಗಿ